ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್) ಆಪರೇಷನ್ ಮಾಡಿಸಿದರೆ ಮತ್ತೆ ಕಬಡ್ಡಿ ಆಡಬಹುದಾ? ಮಾಡಿಸಿಕೊಂಡವರು ದಯವಿಟ್ಟು ಹೇಳಿ

ರೈಟ್‌ಕಾರ್ನರ್ (ಮಂಡ್ಯ)
ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಊರಿನ ತಂಡದಲ್ಲಿ ಬಲಗಡೆ ಕಾರ್ನರ್ ಆಡುತ್ತೇನೆ. ಎರಡು ತಿಂಗಳ ಹಿಂದೆ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಒಬ್ಬ ರೈಡರ್‌ಗೆ ಆಂಕಲ್ ಹೋಲ್ಡ್ ಹಾಕಿದೆ. ಬಲಗಾಲು ಮ್ಯಾಟ್‌ಗೆ ಕಚ್ಚಿಕೊಂಡು ನಿಂತಿತು, ಮೈ ಮಾತ್ರ ತಿರುಗಿತು. ಮಂಡಿ ಒಳಗೆ 'ಟಕ್' ಅಂತ ಶಬ್ದ. ಪಕ್ಕದಲ್ಲಿದ್ದ ಹುಡುಗನಿಗೂ ಕೇಳಿಸಿತಂತೆ.

ಹತ್ತು ನಿಮಿಷ ಕೂತೆ, ಎದ್ದು ನಡೆದೆ. ಇನ್ನೊಂದು ಮ್ಯಾಚ್ ಆಡೋಣ ಅಂತಲೂ ಇದ್ದೆ. ಮನೆಗೆ ಹೋಗುವಷ್ಟರಲ್ಲಿ ಮಂಡಿ ತೆಂಗಿನಕಾಯಿ ಹಾಗೆ ಊದಿತ್ತು. ಮರುದಿನ ಹತ್ತಿರದ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆದರು. 'ಮೂಳೆಗೆ ಏನೂ ಆಗಿಲ್ಲ, ಉಳುಕಿದೆ' ಅಂದು ಕ್ರೇಪ್ ಬ್ಯಾಂಡೇಜ್ ಸುತ್ತಿದರು. ಎರಡು ವಾರ ನಾಟಿ ಎಣ್ಣೆ ನೀವಿಸಿದ್ದೂ ಆಯಿತು. ಊತ ಇಳಿಯಿತು, ನೋವು ಹೋಯಿತು. ಸರಿ ಹೋಯ್ತು ಅಂದುಕೊಂಡೆ. ಕಳೆದ ವಾರ ಟ್ರ್ಯಾಕ್ಟರ್‌ನಿಂದ ಇಳಿಯುವಾಗ ಮಂಡಿ ಒಳಗೇ ಜಾರಿದ ಹಾಗಾಗಿ ಧೊಪ್ಪನೆ ಬಿದ್ದೆ. ಈಗ ಎಂಆರ್‌ಐ ಆಗಿದೆ. ಎಸಿಎಲ್ ಪೂರ್ತಿ ಹರಿದಿದೆ, ಒಳಬದಿಯ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಕೂಡ ಹರಿದಿದೆ ಅಂತ ಬಂದಿದೆ.

ಡಾಕ್ಟರ್ ಆಪರೇಷನ್ ಅಂತಾರೆ. ಅಪ್ಪ ಬೇಡ ಅಂತಾರೆ. ನನ್ನ ಪ್ರಶ್ನೆ ಒಂದೇ. ಮಾಡಿಸಿದರೆ ಮತ್ತೆ ಆಡಬಹುದಾ? ಎಷ್ಟು ತಿಂಗಳಿಗೆ?

ಎಣ್ಣೆ_ಬೇಕಿದ್ರೆ_ಕೇಳಿ
ಆಪರೇಷನ್ ಎಲ್ಲ ಬೇಡ ಗುರು. ನಮ್ಮ ಕಡೆ ಒಬ್ಬರು ಕಟ್ಟು ಹಾಕುತ್ತಾರೆ, 21 ದಿನ. ನಮ್ಮ ಮಾವನಿಗೆ ಸರಿ ಹೋಗಿದೆ.

ಫಿಸಿಯೋ_ದಾವಣಗೆರೆ
ನಿಮ್ಮ ಮಾವನಿಗೆ ಯಾವ ಲಿಗಮೆಂಟ್‌ಗೆ ಏಟಾಗಿತ್ತು ಅನ್ನುವುದರ ಮೇಲೆ ಇದೆ ಸರ್. ಮಂಡಿಯಲ್ಲಿ ಮುಖ್ಯವಾಗಿ ನಾಲ್ಕು ಲಿಗಮೆಂಟ್. ಒಳಬದಿಯದು ಎಂಸಿಎಲ್. ಅದು ಹರಿದರೆ ಎಷ್ಟೋ ಸಲ ಬ್ರೇಸ್ ಹಾಕಿ ಬಿಟ್ಟರೆ ತಾನೇ ಕೂಡಿಕೊಳ್ಳುತ್ತದೆ. ಅಂಥವರಿಗೆ ಯಾರು ಕಟ್ಟು ಹಾಕಿದರೂ ವಾಸಿ ಆಗುತ್ತದೆ, ಹೆಸರು ಕಟ್ಟಿದವರಿಗೆ ಬರುತ್ತದೆ. ಎಸಿಎಲ್ ಹಾಗಲ್ಲ. ಅದು ಕೀಲಿನ ನಟ್ಟನಡುವೆ, ಕೀಲಿನ ದ್ರವದ ಮಧ್ಯೆ ಇದೆ. ಪೂರ್ತಿ ಹರಿದ ಮೇಲೆ ಎರಡು ತುದಿ ಮೊದಲಿನ ಹಾಗೆ ಬಿಗಿಯಾಗಿ ಕೂಡುವುದು ಅಪರೂಪ.

ರೈಟ್‌ಕಾರ್ನರ್, ನಿಮ್ಮ ಕಥೆ ನಾನು ವಾರಕ್ಕೊಂದು ಸಲ ಕೇಳುತ್ತೇನೆ. 'ಟಕ್' ಅಂತ ಶಬ್ದ, ಕೆಲವೇ ಗಂಟೆಯಲ್ಲಿ ಊತ, ಎಕ್ಸ್‌ರೇ ನಾರ್ಮಲ್. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. ಅಷ್ಟು ಬೇಗ ಊದಿತು ಅಂದರೆ ಕೀಲಿನೊಳಗೆ ರಕ್ತ ತುಂಬಿದೆ ಅಂತ ಅರ್ಥ, ಆಗಲೇ ಎಸಿಎಲ್ ಮೇಲೆ ಅನುಮಾನ ಬರಬೇಕು. ಮಂಡಿ ಸ್ವಲ್ಪ ಮಡಿಸಿ, ಮೊಣಕಾಲಿನ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡುವ ಲ್ಯಾಕ್‌ಮನ್ ಟೆಸ್ಟ್ ಅಂತ ಇದೆ. ಪಳಗಿದ ಕೈಗೆ ಎಂಆರ್‌ಐ ಬರುವ ಮೊದಲೇ ಗೊತ್ತಾಗುತ್ತದೆ. ಹಾಂ, ನಡೆಯಲು ಬರುತ್ತದೆ ಅಂದರೆ ಲಿಗಮೆಂಟ್ ಸರಿ ಇದೆ ಅಂತಲ್ಲ. ನೇರವಾಗಿ ನಡೆಯಲು ಎಸಿಎಲ್ ಅಷ್ಟಾಗಿ ಬೇಕಿಲ್ಲ. ತಿರುಗಲು, ಗಕ್ಕನೆ ನಿಲ್ಲಲು, ಹಾರಿ ಇಳಿಯಲು ಬೇಕು. ಕಬಡ್ಡಿಯಲ್ಲಿ ಬೇರೆ ಏನಿದೆ ಹೇಳಿ?

ಒಂದು ಕೇಳುತ್ತೇನೆ. ಮಂಡಿ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ಪೂರ್ತಿ ಚಾಚಲು ಬರದ ಹಾಗೆ ಲಾಕ್ ಆಗುತ್ತದಾ?

ರೈಟ್‌ಕಾರ್ನರ್ (ಮಂಡ್ಯ)
ಲಾಕ್ ಆಗುವುದಿಲ್ಲ ಸರ್. ಜಾರುತ್ತದೆ ಅಷ್ಟೇ. ಇದುವರೆಗೆ ಮೂರು ಸಲ.

ಫಿಸಿಯೋ_ದಾವಣಗೆರೆ
ಲಾಕ್ ಆಗುತ್ತಿದ್ದರೆ ಹರಿದ ಮೆನಿಸ್ಕಸ್ ತುಂಡು ಮಧ್ಯೆ ಸಿಕ್ಕಿಕೊಂಡಿದೆ ಅಂತ, ಆಗ ತಡ ಮಾಡಬಾರದು. ನಿಮ್ಮದು ಹಾಗಿಲ್ಲ. ಆದರೆ ಜಾರಿದ ಪ್ರತಿ ಸಲವೂ ಮೆನಿಸ್ಕಸ್ ಇನ್ನಷ್ಟು ಹರಿಯಬಹುದು. ಅದು ಮೂಳೆ ಮೂಳೆ ಉಜ್ಜದಂತೆ ತಡೆಯುವ ಮೆತ್ತೆ. ಮೊದಲು ಜಾರುವುದನ್ನು ನಿಲ್ಲಿಸಿ. ಆಟ, ಗುಂಡಿ ಹಾರುವುದು, ಟ್ರ್ಯಾಕ್ಟರ್‌ನಿಂದ ಧುಮುಕುವುದು, ಎಲ್ಲ ಬಂದ್.

ಬರ್ಮಿಂಗ್‌ಹ್ಯಾಮ್_ಕನ್ನಡಿಗ
ಅಪ್ಪ ಬೇಡ ಅಂದಿದ್ದರಲ್ಲಿ ಸ್ವಲ್ಪ ಸತ್ಯ ಇದೆ, ಪೂರ್ತಿ ತಳ್ಳಿಹಾಕಬೇಡಿ. ನನಗೆ ಇಲ್ಲಿ ಫುಟ್‌ಬಾಲ್ ಆಡುವಾಗ ಎಸಿಎಲ್ ಹೋಯಿತು. ಮೊದಲು ಮೂರು ತಿಂಗಳು ವ್ಯಾಯಾಮ ಮಾಡು, ಆಮೇಲೆ ನೋಡೋಣ ಅಂದರು. ಸಿಟ್ಟು ಬಂದಿತ್ತು. ಆಮೇಲೆ ಕೂತು ಓದಿದೆ.

ಸ್ವೀಡನ್‌ನಲ್ಲಿ ಕ್ಯಾನನ್ ಅಂತ ಒಂದು ಅಧ್ಯಯನ ನಡೆದಿತ್ತು, 2010ರಲ್ಲಿ ಪ್ರಕಟ ಆಯಿತು. ಚಟುವಟಿಕೆಯ 121 ಜನ ಯುವಕ ಯುವತಿಯರು. ಅರ್ಧ ಜನಕ್ಕೆ ಬೇಗ ಆಪರೇಷನ್. ಇನ್ನರ್ಧ ಜನಕ್ಕೆ ಬರೀ ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಆಪರೇಷನ್. ಎರಡು ವರ್ಷ ಕಳೆದು ನೋಡಿದರೆ ನೋವು, ಓಡಾಟ, ಆಟ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ! ವ್ಯಾಯಾಮದ ಗುಂಪಿನ 59 ಜನರಲ್ಲಿ 23 ಜನ ಆ ಎರಡು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು. ಐದು ವರ್ಷಕ್ಕೆ ಅದು 30 ಆಯಿತು. ಉಳಿದವರಿಗೆ ಅಷ್ಟು ಹೊತ್ತಿಗೂ ಬೇಕಾಗಲಿಲ್ಲ.

ಅದನ್ನೇ ಹಿಡಿದುಕೊಂಡು ನಾನು ಮನೆಯಲ್ಲಿ ದೊಡ್ಡ ಭಾಷಣ ಮಾಡಿದ್ದೆ. 2022ರಲ್ಲಿ ಇಲ್ಲಿ ಬ್ರಿಟನ್‌ನಲ್ಲೇ 316 ಜನರ ಇನ್ನೊಂದು ಅಧ್ಯಯನ ಬಂತು. ಏಟಾಗಿ ತಿಂಗಳುಗಟ್ಟಲೆ ಕಳೆದರೂ ಮಂಡಿ ಜಾರುತ್ತಲೇ ಇದ್ದವರು ಅವರು. ಅಲ್ಲಿ ಆಪರೇಷನ್ ಮಾಡಿಸಿದವರೇ ಚೆನ್ನಾಗಿದ್ದರು. ವ್ಯಾಯಾಮದ ಗುಂಪಿನಲ್ಲೂ 41% ಜನ ಕೊನೆಗೆ ಆಪರೇಷನ್‌ಗೆ ಹೋದರು. ನನ್ನದೂ ಜಾರುತ್ತಿತ್ತು. ಭಾಷಣ ನಿಲ್ಲಿಸಿ ಮಾಡಿಸಿಕೊಂಡೆ.

ಹಾಸನದ_ಅಕ್ಕ
ನಾನು ಮಾಡಿಸಿಕೊಳ್ಳದವಳು. ನನ್ನ ಮಾತೂ ಒಂದಿರಲಿ. ನಾಲ್ಕು ವರ್ಷದ ಹಿಂದೆ ಮಳೆಯಲ್ಲಿ ಸ್ಕೂಟರ್ ಸ್ಕಿಡ್ ಆಗಿ ಎಡಗಾಲು ಊರಿದೆ, ಸ್ಕೂಟರ್ ಒಂದು ಕಡೆ ನಾನೊಂದು ಕಡೆ. ಎಸಿಎಲ್ ಪೂರ್ತಿ ಹೋಗಿದೆ. ನನಗೆ 44, ಕಬಡ್ಡಿ ಆಡುವುದಿಲ್ಲ. ಡಾಕ್ಟರೇ ಹೇಳಿದರು, ಆರು ತಿಂಗಳು ತೊಡೆ ಗಟ್ಟಿ ಮಾಡಿ ನೋಡಿ ಅಂತ. ಈಗ ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತೇನೆ. ಮೆಟ್ಟಿಲು ತೊಂದರೆ ಇಲ್ಲ. ಒಂದೇ ಒಂದು ಸಲ ಜಾರಿತು, ಬಕೆಟ್ ಎತ್ತಿಕೊಂಡು ಬಚ್ಚಲಲ್ಲಿ ಸರ್ರನೆ ತಿರುಗಿದಾಗ. ಅವತ್ತಿನಿಂದ ತಿರುಗುವಾಗ ಮೊದಲು ಪಾದ ತಿರುಗಿಸುತ್ತೇನೆ, ಆಮೇಲೆ ಮೈ.

ಆದರೆ ತಮ್ಮಾ, ನಿನ್ನದು ಬೇರೆ. ಎರಡೇ ತಿಂಗಳಲ್ಲಿ ಮೂರು ಸಲ ಜಾರಿದೆ, ಆಡಲೂ ಬೇಕು ಅಂತೀಯ.

ರೈಟ್‌ಕಾರ್ನರ್ (ಮಂಡ್ಯ)
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಅಕ್ಕ ಬರೆದಿದ್ದನ್ನು ಎರಡು ಸಲ ಓದಿಸಿದರು. ಮಾಡಿಸುವುದು ಅಂತ ಆಗಿದೆ. ಈಗ ಹೊಸ ತಲೆನೋವು. ಹರಿದದ್ದನ್ನು ಹೊಲಿಯುವುದಿಲ್ಲವಂತೆ, ನನ್ನದೇ ಕಾಲಿನಿಂದ ಬೇರೆ ನರ ತೆಗೆದು ಹಾಕುತ್ತಾರಂತೆ. ಎಲ್ಲಿಂದ ತೆಗೆಯಬೇಕು ಅಂತ ನನ್ನನ್ನೇ ಕೇಳುತ್ತಾರೆ. ನನಗೇನು ಗೊತ್ತು?

ಫಿಸಿಯೋ_ದಾವಣಗೆರೆ
ನರ ಅಲ್ಲ, ಸ್ನಾಯುರಜ್ಜು. ಟೆಂಡನ್ ಅಂತಾರೆ. ಕುರ್ಚಿಯ ಮೇಲೆ ಕೂತು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ. ಮಂಡಿಯ ಹಿಂದೆ ಒಳಬದಿಯಲ್ಲಿ ಹಗ್ಗದ ಹಾಗೆ ಬಿಗಿಯಾಗುತ್ತವಲ್ಲ, ಅವೇ ಹ್ಯಾಮ್‌ಸ್ಟ್ರಿಂಗ್ ಟೆಂಡನ್‌ಗಳು. ನಮ್ಮಲ್ಲಿ ಹೆಚ್ಚಾಗಿ ಅದನ್ನೇ ತೆಗೆದು ಮಡಿಸಿ ದಪ್ಪ ಮಾಡಿ ಹಾಕುತ್ತಾರೆ. ಎರಡನೆಯದು ಮಂಡಿ ಚಿಪ್ಪಿನ ಕೆಳಗಿನ ಪಟ್ಟಿ, ಎರಡೂ ತುದಿಗೆ ಮೂಳೆಯ ಚೂರು ಸಮೇತ. ಮೂಳೆಗೆ ಮೂಳೆ ಬೇಗ ಹಿಡಿಯುತ್ತದೆ, ಅದಕ್ಕೇ ಆಟಗಾರರಲ್ಲಿ ಅದರ ಮೇಲೆ ನಂಬಿಕೆ ಜಾಸ್ತಿ. ತೊಂದರೆ ಅಂದರೆ ಮಂಡಿ ಊರಿದಾಗ ನೋವು. ನೆಲಕ್ಕೆ ಮಂಡಿ ಊರಿ ಕೆಲಸ ಮಾಡುವ ಟೈಲ್ಸ್ ಕೆಲಸದವರು, ನಮಾಜ್ ಮಾಡುವವರು, ಗದ್ದೆ ಕೆಲಸದವರು ಇದನ್ನು ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಬೇಕು. ಚಿಪ್ಪಿನ ಮೇಲಿನ ಕ್ವಾಡ್ರಿಸೆಪ್ಸ್ ಟೆಂಡನ್ ತೆಗೆಯುವವರೂ ಇದ್ದಾರೆ. ಪಾದದ ಗಂಟಿನ ಹೊರಬದಿಯಿಂದ ಪೆರೋನಿಯಸ್ ಲಾಂಗಸ್ ತೆಗೆಯುವುದೂ ನಮ್ಮ ಕಡೆ ನಡೆಯುತ್ತದೆ. ಸತ್ತವರು ದಾನ ಕೊಟ್ಟ ಟೆಂಡನ್ ಕೂಡ ಹಾಕಬಹುದು, ಆದರೆ ವಯಸ್ಸಿನ ಹುಡುಗರಲ್ಲಿ ಅದು ಮತ್ತೆ ಹರಿಯುವುದು ಜಾಸ್ತಿ.

ನನ್ನ ಅನುಭವದಲ್ಲಿ, ಡಾಕ್ಟರ್‌ಗೆ ಯಾವುದು ಕೈ ಕುದುರಿದೆಯೋ ಅದೇ ನಿಮಗೆ ಒಳ್ಳೆಯದು. ಇನ್ನೊಂದು ಕೇಳಿಕೊಳ್ಳಿ, ಮೆನಿಸ್ಕಸ್ ಹೊಲಿಯುತ್ತಾರಾ, ಕತ್ತರಿಸಿ ತೆಗೆಯುತ್ತಾರಾ ಅಂತ. ಹೊಲಿಯಲು ಬಂದರೆ ಹೊಲಿಯಲಿ. ಕೆಲವು ವಾರ ಕಾಲೂರುವುದು, ಮಡಿಸುವುದು ನಿಧಾನ ಆಗಬಹುದು, ಪರವಾಗಿಲ್ಲ.

ಮತ್ತೆ, ಆಪರೇಷನ್‌ಗೆ ಮೊದಲೇ ಮಂಡಿ ಪೂರ್ತಿ ನೇರ ಆಗಬೇಕು, ಊತ ಇಳಿದಿರಬೇಕು. ಬಾಗಿದ ಮಂಡಿ ಇಟ್ಟುಕೊಂಡು ಟೇಬಲ್ ಹತ್ತಿದರೆ ಇಳಿದ ಮೇಲೂ ಅದು ಬಾಗಿಯೇ ಇರುತ್ತದೆ.

ಸ್ಮ್ಯಾಶರ್_41
ಡೇಟ್ ಸಿಕ್ಕ ಮೇಲೆ ಮನೆ ರೆಡಿ ಮಾಡಿಕೊಳ್ಳಿ. ಯಾರೂ ಹೇಳದ ವಿಷಯ ಇದು. ಕೆಳಗೆ ಕೂರುವ ಟಾಯ್ಲೆಟ್ ಇದ್ದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ತಂದುಕೊಳ್ಳಿ. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲ್. ಚಾಪೆ ಬೇಡ, ಮಂಚ ಬೇಕು. ಅಮ್ಮ ಪ್ರೀತಿಯಿಂದ ಮಂಡಿ ಕೆಳಗೆ ದಿಂಬು ಇಡುತ್ತಾರೆ, ಇಡಲು ಬಿಡಬೇಡಿ. ಹಾಯ್ ಅನ್ನಿಸುತ್ತದೆ, ಆದರೆ ಮಂಡಿ ಬಾಗಿದಲ್ಲೇ ಬಿಗಿಯುತ್ತದೆ. ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಡಿ, ಮಂಡಿ ಗಾಳಿಯಲ್ಲಿ ತೂಗಲಿ. ಹಿಂಸೆ ಆಗುತ್ತದೆ, ಆದರೂ ಇಡಿ.

ಬಲಗಾಲು ಅಂದಿರಲ್ಲ. ಬೈಕ್ ಕಿಕ್ ಹೊಡೆಯುವುದು ಮರೆತುಬಿಡಿ. ಬ್ರೇಕ್ ಕೂಡ ಅದೇ ಕಾಲಿನದು.

ಅಳಿಯ_ಕ್ರಿಕೆಟ್
ಕ್ರಿಕೆಟರ್ ರಿಷಭ್ ಪಂತ್ ನೋಡಿ ಬ್ರೋ! ಕಾರು ಸುಟ್ಟು ಹೋಯಿತು, ಲಿಗಮೆಂಟ್ ಎಲ್ಲ ಹೋಯಿತು, ಮತ್ತೆ ಬಂದು ವರ್ಲ್ಡ್ ಕಪ್ ಗೆದ್ದರು. ಕುಸ್ತಿಪಟು ವಿನೇಶ್ ಫೋಗಟ್ 2016ರಲ್ಲಿ ರಿಯೋದಲ್ಲಿ ಸ್ಟ್ರೆಚರ್ ಮೇಲೆ ಹೋದವರು 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಹೊಡೆದರು. 2023ರ ಆಗಸ್ಟ್‌ನಲ್ಲಿ ಮತ್ತೆ ಆಪರೇಷನ್, ಮುಂದಿನ ಆಗಸ್ಟ್‌ಗೆ ಪ್ಯಾರಿಸ್ ಒಲಿಂಪಿಕ್ಸ್. ಧೈರ್ಯ ಇದ್ದರೆ ಆಗುತ್ತೆ.

ಫಿಸಿಯೋ_ದಾವಣಗೆರೆ
ತಾರೀಕು ಲೆಕ್ಕ ಹಾಕಿ ಸ್ವಾಮಿ. ಪಂತ್ ಅಪಘಾತ 2022ರ ಡಿಸೆಂಬರ್ 30. ಮತ್ತೆ ಮೈದಾನಕ್ಕೆ ಇಳಿದದ್ದು 2024ರ ಮಾರ್ಚ್, ಐಪಿಎಲ್‌ಗೆ. ಹತ್ತಿರ ಹತ್ತಿರ 15 ತಿಂಗಳು. ಅದೂ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಇದ್ದು, ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸವಾಗಿ. ಮಂಡ್ಯದ ಹುಡುಗ ಹಾಲು ಕರೆದು, ಡೈರಿಗೆ ಹಾಕಿ, ಆಮೇಲೆ ವ್ಯಾಯಾಮ ಮಾಡಬೇಕು.

ಆಟಕ್ಕೆ ಮರಳಿದವರ ಲೆಕ್ಕ ಬೇಕಾದರೆ, 2014ರಲ್ಲಿ 69 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವರದಿ ಇದೆ. ಆಪರೇಷನ್ ಆದವರಲ್ಲಿ 81% ಜನ ಯಾವುದೋ ಒಂದು ಆಟಕ್ಕೆ ಮರಳಿದರು. ಮೊದಲಿನ ಮಟ್ಟಕ್ಕೆ ಮರಳಿದವರು 65%. ಸ್ಪರ್ಧೆಯ ಆಟಕ್ಕೆ ಮರಳಿದವರು 55% ಮಾತ್ರ. ನೂರರಲ್ಲಿ ಐವತ್ತೈದು. ಆಪರೇಷನ್ ಕೆಟ್ಟು ಹಾಗಾಯಿತು ಅಂತಲ್ಲ. ಮಂಡಿ ಗಟ್ಟಿ ಇದ್ದರೂ ಭಯಕ್ಕೆ ಬಿಟ್ಟವರಿದ್ದಾರೆ. ಕೆಲಸ, ಮದುವೆ, ಮಕ್ಕಳು ಅಂತ ಬಿಟ್ಟವರೂ ಇದ್ದಾರೆ.

ರೈಟ್‌ಕಾರ್ನರ್ (ಮಂಡ್ಯ)
ಆಪರೇಷನ್ ಆಗಿ ಇವತ್ತಿಗೆ 9 ದಿನ. ಹ್ಯಾಮ್‌ಸ್ಟ್ರಿಂಗ್ ತೆಗೆದು ಹಾಕಿದ್ದಾರೆ, ಮೆನಿಸ್ಕಸ್ ಹೊಲಿದಿದ್ದಾರೆ. ಮೊದಲ ಮೂರು ರಾತ್ರಿ ಕೇಳಬೇಡಿ. ಐಸ್ ಪ್ಯಾಕ್ ಸಾಲದೆ ತಮ್ಮ ಐಸ್‌ಕ್ಯಾಂಡಿ ಅಂಗಡಿಯಿಂದ ಐಸ್ ತಂದು ಪುಡಿ ಮಾಡಿ ಟವೆಲ್‌ನಲ್ಲಿ ಸುತ್ತಿ ಕೊಡುತ್ತಿದ್ದ.

ಒಂದು ಗಾಬರಿ. ತೊಡೆ ಬಿಗಿ ಮಾಡು ಅಂತ ಫಿಸಿಯೋ ಹೇಳುತ್ತಾರೆ, ಬಿಗಿ ಆಗುವುದೇ ಇಲ್ಲ. ಬೇರೆಯವರ ಕಾಲನ್ನು ಅಲ್ಲಾಡಿಸಲು ನೋಡಿದ ಹಾಗೆ ಅನ್ನಿಸುತ್ತದೆ. ಟೈಲರ್ ಟೇಪ್ ಹಿಡಿದು ಅಳೆದೆ. ಚಿಪ್ಪಿನಿಂದ ಒಂದು ಗೇಣು ಮೇಲೆ, ಎಡಗಾಲು 52 ಸೆಂಟಿಮೀಟರ್, ಬಲಗಾಲು 49.

ಫಿಸಿಯೋ_ದಾವಣಗೆರೆ
ಗಾಬರಿ ಬೇಡ, ಎಲ್ಲರಿಗೂ ಆಗುವುದೇ. ಮಂಡಿ ಊದಿದ್ದರೆ ಮಿದುಳು ತೊಡೆಯ ಸ್ವಿಚ್ ಆಫ್ ಮಾಡಿಬಿಡುತ್ತದೆ. ಮಂಡಿ ಕೆಳಗಿನ ಹಾಸಿಗೆಯನ್ನು ಮಂಡಿಯಿಂದಲೇ ಒತ್ತಿ ಹಿಡಿಯಿರಿ, ಐದು ಎಣಿಸಿ, ಬಿಡಿ. ಗಂಟೆಗೊಂದು ಸಲ ಹತ್ತು. ಚಿಪ್ಪು ಮೇಲಕ್ಕೆ ಸರಿಯುವುದು ಕಣ್ಣಿಗೆ ಕಾಣಬೇಕು. ಮಡಿಸುವ ವ್ಯಾಯಾಮಕ್ಕೆ ನೆಲದ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಸ್ವಲ್ಪ ಪೌಡರ್ ಉದುರಿಸಿ, ಹಿಮ್ಮಡಿ ಜಾರಿಸಿ. ಮೆನಿಸ್ಕಸ್ ಹೊಲಿದಿರುವುದರಿಂದ ಎಷ್ಟು ಡಿಗ್ರಿವರೆಗೆ ಅಂತ ನಿಮ್ಮ ಡಾಕ್ಟರ್ ಹೇಳಿದ್ದೇ ಮಿತಿ. ಮೀನಖಂಡ ಊದಿ ನೋವು ಬಂದರೆ, ಜ್ವರ ಬಂದರೆ, ಗಾಯ ಸೋರಿದರೆ ಇಲ್ಲಿ ಬರೆಯಬೇಡಿ. ಸೀದಾ ಆಸ್ಪತ್ರೆಗೆ ಹೋಗಿ.

ಖೋಖೋ_ಅಮ್ಮ
ನನ್ನ ಮಗಳಿಗೆ 16. ಖೋಖೋ ಆಡುತ್ತಾಳೆ. ಅವಳಿಗೂ ಎಸಿಎಲ್. 'ಹುಡುಗಿಗೆ ಯಾಕೆ ಬೇಕಿತ್ತು ಆಟ' ಅಂತ ಮನೆಗೆ ಬಂದವರೆಲ್ಲ ಒಂದೊಂದು ಮಾತು ಹೇಳಿ ಹೋಗುತ್ತಾರೆ. ಹುಡುಗಿಯರಿಗೆ ಇದು ಜಾಸ್ತಿ ಆಗುತ್ತದೆ ಅಂತಾರೆ, ನಿಜವಾ?

ಫಿಸಿಯೋ_ದಾವಣಗೆರೆ
ನಿಜ ಮೇಡಂ. ಹಾರಿ ತಿರುಗುವ ಆಟಗಳಲ್ಲಿ, ಅದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಹಲವು ಪಟ್ಟು ಜಾಸ್ತಿ. ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲುವುದು ಒಂದು ಕಾರಣ. ಹುಡುಗರಿಗೆ ಸಿಗುವಷ್ಟು ತೂಕದ ತರಬೇತಿ ಹುಡುಗಿಯರಿಗೆ ಸಿಗದೇ ಇರುವುದು ಇನ್ನೊಂದು ಅಂತ ನನ್ನ ಅಭಿಪ್ರಾಯ. ಅದಕ್ಕೆ ಆಟ ಬಿಡಿಸಬೇಕಿಲ್ಲ. ಫಿಫಾ 11+ ಅಂತ 20 ನಿಮಿಷದ ವಾರ್ಮ್‌ಅಪ್ ಇದೆ, ಫುಟ್‌ಬಾಲ್‌ಗೆ ಮಾಡಿದ್ದು. ಸರಿಯಾಗಿ ಇಳಿಯುವುದು, ಒಂಟಿಕಾಲಿನ ಸಮತೋಲ, ಹ್ಯಾಮ್‌ಸ್ಟ್ರಿಂಗ್ ಗಟ್ಟಿ ಮಾಡುವುದು ಎಲ್ಲ ಅದರಲ್ಲಿದೆ. ಖೋಖೋ ತಂಡದವರೂ ಮಾಡಬಹುದು.

ಎಲುಬು ಇನ್ನೂ ಬೆಳೆಯುತ್ತಿದೆಯಾ ಅಂತ ಎಕ್ಸ್‌ರೇ ನೋಡಿಸಿ. ಬೆಳೆಯುತ್ತಿದ್ದರೆ ಆಪರೇಷನ್ ವಿಧಾನವೇ ಬದಲಾಗುತ್ತದೆ. ಮತ್ತೆ ಆಟಕ್ಕೆ ಕಳಿಸಲು ಅವಸರ ಮಾಡಬೇಡಿ. 25 ವರ್ಷದೊಳಗಿನವರು ಆಟಕ್ಕೆ ಮರಳಿದಾಗ ಸುಮಾರು 23% ಜನರಲ್ಲಿ ಮತ್ತೆ ಎಸಿಎಲ್ ಹರಿದಿದೆ ಅಂತ 2016ರ ಒಂದು ಒಟ್ಟು ವರದಿ ಹೇಳುತ್ತದೆ. ಅದೇ ಮಂಡಿ ಅಂತಿಲ್ಲ, ಸರಿ ಇದ್ದ ಇನ್ನೊಂದು ಮಂಡಿಯೂ ಆಗಬಹುದು.

ರೈಟ್‌ಕಾರ್ನರ್ (ಮಂಡ್ಯ)
ನಾಲ್ಕು ತಿಂಗಳಾಯಿತು. ನೋವು ಸೊನ್ನೆ. ಮೆಟ್ಟಿಲು ಓಡಿ ಹತ್ತುತ್ತೇನೆ. ಮುಂದಿನ ವಾರ ಪಕ್ಕದೂರಿನ ಜಾತ್ರೆ, ಕಬಡ್ಡಿ ಇದೆ. ತಂಡದವರು 'ಸುಮ್ನೆ ಕಾರ್ನರ್‌ನಲ್ಲಿ ನಿಂತುಕೊ ಸಾಕು' ಅಂತಿದ್ದಾರೆ. ಬೆಲ್ಟ್ ಕಟ್ಟಿಕೊಂಡು ನಿಂತರೆ?

ಹಾಸನದ_ಅಕ್ಕ
ಕಾರ್ನರ್‌ನಲ್ಲಿ ಸುಮ್ನೆ ನಿಂತವರನ್ನು ನಾನಂತೂ ನೋಡಿಲ್ಲ.

ಫಿಸಿಯೋ_ದಾವಣಗೆರೆ
ಬೇಡ. ಬೇಡವೇ ಬೇಡ. ಒಳಗೆ ಹಾಕಿದ ಟೆಂಡನ್‌ಗೆ ಮೊದಲು ರಕ್ತ ಪೂರೈಕೆಯೇ ಇರುವುದಿಲ್ಲ. ನಿಧಾನವಾಗಿ ರಕ್ತನಾಳ ಬೆಳೆದು, ಹಳೆಯ ನಾರು ಕರಗಿ ಹೊಸದು ಬಂದು, ಲಿಗಮೆಂಟ್ ಹಾಗೆ ಮಾರ್ಪಡಬೇಕು. ಮೊದಲ ಕೆಲವು ತಿಂಗಳಲ್ಲಿ ಅದು ಹಾಕಿದ ದಿನಕ್ಕಿಂತ ದುರ್ಬಲವಾಗಿರುತ್ತದೆ. ಅದೇ ಹೊತ್ತಿಗೆ ನೋವು ಹೋಗಿರುತ್ತದೆ. ನನ್ನ ಹತ್ತಿರ ಎರಡನೇ ಸಲ ಬಂದ ಹುಡುಗರಲ್ಲಿ ಬಹಳ ಜನ 'ನೋವೇ ಇರಲಿಲ್ಲ ಸರ್' ಅಂತಲೇ ಮಾತು ಶುರು ಮಾಡುವುದು.

2016ರಲ್ಲಿ ನಾರ್ವೆ ಮತ್ತು ಅಮೆರಿಕದವರು ಸೇರಿ 106 ಜನರನ್ನು ಎರಡು ವರ್ಷ ನೋಡಿದರು. ಒಂಬತ್ತು ತಿಂಗಳವರೆಗೆ, ಆಟವನ್ನು ಒಂದೊಂದು ತಿಂಗಳು ಮುಂದೂಡಿದ ಹಾಗೆಲ್ಲ ಮತ್ತೆ ಏಟಾಗುವುದು ಅರ್ಧಕ್ಕರ್ಧ ಕಡಿಮೆ ಆಗುತ್ತಾ ಹೋಯಿತು. ತೊಡೆಯ ಬಲ, ಒಂಟಿಕಾಲಿನ ಜಿಗಿತ ಎಲ್ಲ ಟೆಸ್ಟ್ ಪಾಸಾಗಿ ಆಡಿದವರಲ್ಲಿ ಮತ್ತೆ ಏಟಾದದ್ದು 5.6% ಜನಕ್ಕೆ. ಪಾಸಾಗದೇ ಆಡಿದವರಲ್ಲಿ 38.2%. ಬೆಲ್ಟ್ ಇದನ್ನು ತಡೆಯುವುದಿಲ್ಲ.

ಸ್ಮ್ಯಾಶರ್_41
ನಾನು ಆ 38ರ ಕಡೆಯವನು. 2009ರಲ್ಲಿ ಆಪರೇಷನ್, ಐದೂವರೆ ತಿಂಗಳಿಗೆ ವಾಲಿಬಾಲ್. ಆಗ ಆರು ತಿಂಗಳು ಅಂದರೆ ಆಯಿತು, ಕ್ಯಾಲೆಂಡರ್ ನೋಡಿಕೊಂಡು ಇಳಿಯುವುದು. ಟೆಸ್ಟ್ ಗಿಸ್ಟ್ ಏನೂ ಇಲ್ಲ. ಎಂಟನೇ ತಿಂಗಳಿಗೆ ಬ್ಲಾಕ್ ಮಾಡಲು ಹಾರಿ ಇಳಿದಾಗ ಮತ್ತೆ ಅದೇ 'ಟಕ್'. ಮೆನಿಸ್ಕಸ್ ಮುಕ್ಕಾಲು ತೆಗೆದುಹಾಕಿದರು. ಈಗ ನನಗೆ 41. ಬೆಳಿಗ್ಗೆ ಎದ್ದು ಮಂಡಿ ಬಿಡಿಸಲು ಐದು ನಿಮಿಷ ಬೇಕು. ಬಸ್ಸಿನ ಮೆಟ್ಟಿಲು ಇಳಿಯುವಾಗ ಒಂದೊಂದೇ ಮೆಟ್ಟಿಲು. ಹಿಂದೆ ನಿಂತವರು ಬೈಯುತ್ತಾರೆ.

ಆಪರೇಷನ್ ಆದರೆ ಸವೆತ ಬರುವುದಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಸ್ವೀಡನ್‌ನ ಫುಟ್‌ಬಾಲ್ ಆಟಗಾರ್ತಿಯರನ್ನು ಎಸಿಎಲ್ ಹರಿದ 12 ವರ್ಷದ ನಂತರ ಎಕ್ಸ್‌ರೇ ತೆಗೆದು ನೋಡಿದ್ದರು. ಅರ್ಧದಷ್ಟು ಜನರ ಮಂಡಿ ಸವೆದಿತ್ತು. ಅವರ ಸರಾಸರಿ ವಯಸ್ಸು 31! ಆಪರೇಷನ್ ಆದವರು, ಆಗದವರು ಇಬ್ಬರೂ ಅದರಲ್ಲಿದ್ದರು.

ಜಾತ್ರೆಗೆ ಹೋಗು. ಮಿರ್ಚಿ ತಿನ್ನು. ಅಂಕಣದ ಹೊರಗೆ ನಿಂತು ಕಿರುಚು.

ರೈಟ್‌ಕಾರ್ನರ್ (ಮಂಡ್ಯ)
ಹೋಗಿದ್ದೆ. ಕಿರುಚಿ ಗಂಟಲು ಹೋಯಿತು. ನಮ್ಮವರು ಸೆಮಿಫೈನಲ್‌ನಲ್ಲಿ ಸೋತರು. 'ನೀನು ಇದ್ದಿದ್ದರೆ' ಅಂದರು. ಮಾತಾಡಲಿಲ್ಲ.

ಅಳಿಯ_ಕ್ರಿಕೆಟ್
ಬ್ರೋ ಈಗ ಎಷ್ಟು ತಿಂಗಳು? ಅಪ್‌ಡೇಟ್ ಕೊಡಿ.

ರೈಟ್‌ಕಾರ್ನರ್ (ಮಂಡ್ಯ)
ಒಂಬತ್ತು ತಿಂಗಳು ಮುಗಿಯಿತು. ಮೈಸೂರಿಗೆ ಹೋಗಿ ಟೆಸ್ಟ್ ಮಾಡಿಸಿದೆ. ಒಂಟಿಕಾಲಿನಲ್ಲಿ ಜಿಗಿದ ದೂರ 93% ಬಂತು, ಎಡಗಾಲಿಗೆ ಹೋಲಿಸಿ. ಖುಷಿಯಲ್ಲಿದ್ದೆ. ಆಮೇಲೆ ಮೆಷಿನ್‌ನಲ್ಲಿ ಕೂರಿಸಿ ತೊಡೆಯ ಬಲ ನೋಡಿದರು. 79%. ಫೇಲ್. ಕುಂಡಿ, ಮೀನಖಂಡ ಎಲ್ಲ ಉಪಯೋಗಿಸಿ ಮೋಸದಲ್ಲಿ ಜಿಗಿದಿದ್ದೇನೆ ಅಂದರು.

ಇನ್ನೊಂದು ವಿಷಯ ಹೇಳಲು ನಾಚಿಕೆ. ಅಲ್ಲಿ ಅವರು ಬದಿಗೆ ಕಟ್ ಮಾಡಿ ಓಡು ಅಂದಾಗ ಬಲಗಾಲು ಊರುವ ಮೊದಲೇ ಕಣ್ಣು ಮುಚ್ಚಿಕೊಂಡೆನಂತೆ. ನನಗೇ ಗೊತ್ತಿಲ್ಲ. ವಿಡಿಯೋ ತೋರಿಸಿದರು.

ಬರ್ಮಿಂಗ್‌ಹ್ಯಾಮ್_ಕನ್ನಡಿಗ
ನಾಚಿಕೆ ಯಾಕೆ? ನನಗೆ ಮಂಡಿಗಿಂತ ಇದೇ ತಡವಾಗಿ ವಾಸಿಯಾದದ್ದು. ಒಂದು ವರ್ಷ ಆಗಿದ್ದರೂ ಟ್ಯಾಕಲ್ ಬಂದರೆ ಚೆಂಡು ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುತ್ತಿದ್ದೆ. ಎದುರಾಳಿ ಇಲ್ಲದೆ, ನಡೆಯುವ ವೇಗದಲ್ಲಿ ಅದೇ ತಿರುವನ್ನು ನೂರು ಸಲ ಮಾಡಿದೆ. ಆಮೇಲೆ ಜಾಗಿಂಗ್ ವೇಗ. ಆಮೇಲೆ ಗೆಳೆಯನೊಬ್ಬ ಎದುರಿಗೆ. ಈಗ ವಾರಕ್ಕೊಂದು ದಿನ ಆಡುತ್ತೇನೆ. ಲೀಗ್‌ಗೆ ಮರಳಲಿಲ್ಲ, ಬೇಸರವೂ ಇಲ್ಲ.

ಫಿಸಿಯೋ_ದಾವಣಗೆರೆ
79 ಅಂದರೆ ಇನ್ನೆರಡು ಮೂರು ತಿಂಗಳ ಕೆಲಸ. 90 ದಾಟಬೇಕು. ಜಿಮ್ ದೂರ ಇದ್ದರೆ ಮನೆಯಲ್ಲೇ ಮಾಡಿ. ಒಂಟಿಕಾಲಿನಲ್ಲಿ ಕುರ್ಚಿಯಿಂದ ಏಳುವುದು, ಕೂರುವುದು. ಸುಲಭ ಆದರೆ ಕೈಯಲ್ಲಿ ಹಾಲಿನ ಕ್ಯಾನ್. ಅದೂ ಸುಲಭ ಆದರೆ ಇನ್ನೂ ಕೆಳಗಿನ ಸ್ಟೂಲ್. ಎಡಗಾಲಿಗೂ ಅಷ್ಟೇ ಸೆಟ್ ಹಾಕಿ. ಒಂಬತ್ತು ತಿಂಗಳಲ್ಲಿ ಅದೂ ಸೊರಗಿರುತ್ತದೆ. ಸೊರಗಿದ ಕಾಲಿಗೆ ಹೋಲಿಸಿ 93 ಬಂದರೆ ಅದು ನಿಜವಾದ 93 ಅಲ್ಲ.

ಖೋಖೋ_ಅಮ್ಮ
ನನ್ನ ಮಗಳು ಇದನ್ನೆಲ್ಲ ಓದುತ್ತಿದ್ದಾಳೆ. ಅವಳದು ಐದನೇ ತಿಂಗಳು. 'ಅಣ್ಣನೇ ಫೇಲ್ ಆದನಾ' ಅಂತ ಕೇಳಿ, ಎದ್ದು ಹೋಗಿ ಕುರ್ಚಿ ತಂದಳು.

ರೈಟ್‌ಕಾರ್ನರ್ (ಮಂಡ್ಯ)
ಅವಳಿಗೆ ಹೇಳಿ ಅಕ್ಕ, ಪ್ಲಾಸ್ಟಿಕ್ ಕುರ್ಚಿ ಬೇಡ ಅಂತ. ಗೋಡೆಗೆ ಒತ್ತಿ ಇಟ್ಟ ಮರದ್ದು ಬೇಕು. ನಾನು ಮೊನ್ನೆ ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ, ಕ್ಯಾನ್‌ನಲ್ಲಿದ್ದ ನೀರೆಲ್ಲ ಮೈಮೇಲೆ. ಮಂಡಿಗೆ ಏನೂ ಆಗಲಿಲ್ಲ. ಅಪ್ಪ ಮಾತ್ರ ಅರ್ಧ ಗಂಟೆ ನಕ್ಕರು.